ಪಕ್ಕದ ಸೀಟಿನ ತಪಾಸಣೆ

೧. ಕೈ ತೋರಿಸಿದವನು

“ಅಣ್ಣಾ, ಮಾರ್ಕಯನ್‌ಕೋಟ್ಟೈಗೆ ಇದೇ ದಾರೀನಾ?” ಅಂತ ಕಾರಿನ ಕಿಟಕಿ ಇಳಿಸಿ ಕೇಳಿದೆ.

ಅವನು ಮಾತಾಡಲಿಲ್ಲ. ದ್ರಾಕ್ಷಿ ತೋಟದ ಮೂಲೆಯಲ್ಲಿ, ಚಪ್ಪರದ ನೆರಳು ಬಿಟ್ಟು ಉರಿಬಿಸಿಲಿಗೆ ನಿಂತಿದ್ದ. ಮುಖ ಪೂರ್ತಿ ಮುಚ್ಚುವ ಕಪ್ಪು ಹೆಲ್ಮೆಟ್, ತುಂಬುತೋಳಿನ ಅಂಗಿ. ಒಂದು ಕೈ ಮಾತ್ರ ನೇರವಾಗಿ ಚಾಚಿ ಎಡಗಡೆಯ ಮಣ್ಣುದಾರಿಯನ್ನು ತೋರಿಸುತ್ತಿತ್ತು. ಮಾತು ಕಡಿಮೆ, ಉಪಕಾರ ಜಾಸ್ತಿ ಅಂದುಕೊಂಡು ಆ ಕಡೆ ತಿರುಗಿಸಿದೆ. ದಾರಿ ಒಂದು ಹಾಳು ಬಾವಿಯ ಹತ್ತಿರ ಮುಗಿದುಹೋಯಿತು.

ವಾಪಸ್ ಬಂದೆ. ಅವನು ಅಲ್ಲೇ ಇದ್ದ. ಕೈ ಈಗ ಬಲಗಡೆ ತೋರಿಸುತ್ತಿತ್ತು. ತಪ್ಪು ತಿದ್ದಿಕೊಂಡನಲ್ಲ, ಒಳ್ಳೆಯವನು, ಅಂತ ಬಲಕ್ಕೆ ಹೋದೆ. ಆ ದಾರಿ ಒಂದು ಬಾಳೆತೋಟ ಸುತ್ತಿಸಿ ಮತ್ತೆ ಅವನ ಮುಂದೆಯೇ ತಂದು ನಿಲ್ಲಿಸಿತು. ಮೂರನೇ ಸಲ ನೋಡಿದಾಗ ಆ ಕೈ ಸೀದಾ ನನ್ನ ಎದೆಗೆ ಗುರಿ ಇಟ್ಟಿತ್ತು. ನಡುಮಧ್ಯಾಹ್ನ. ಒಂದು ನರಪಿಳ್ಳೆ ಇಲ್ಲ. ಕಣಿವೆಯ ಗಾಳಿ ಮಾತ್ರ ಸುಯ್ಯನೆ ಬೀಸುತ್ತಿತ್ತು. ನಾನು ಕಿಟಕಿ ಏರಿಸಿಕೊಂಡೆ.

ಇಂಥವು ನನಗೆ ಆಗುತ್ತಲೇ ಇರುತ್ತವೆ. ಭಾಷೆ ಬಾರದ ದೇಶಗಳಲ್ಲಿ ಬಸ್ಸು, ರೈಲು, ದೋಣಿ ಬದಲಿಸಿಕೊಂಡು ತಿರುಗಿದವಳು ನಾನು. ಅಲ್ಲೆಲ್ಲೂ ತಪ್ಪದ ದಾರಿ, ತಮಿಳುನಾಡಿನಲ್ಲಿದ್ದೂ ಮನೆಯಲ್ಲಿ ಕನ್ನಡ ಆಡುವ ನಮ್ಮವರ ಕಂಬಂ ಕಣಿವೆಗೆ ಬಂದರೆ ತಪ್ಪುತ್ತದೆ. ಆದರೂ ಆ ಒಂದು ವಾರದಲ್ಲಿ ಆದಷ್ಟು ಒಟ್ಟೊಟ್ಟಿಗೆ ಎಂದೂ ಆಗಿರಲಿಲ್ಲ.

ಕಾರು ನನ್ನದಲ್ಲ, ನಮ್ಮ ಮಾವನದು, ಅಮ್ಮನ ತಮ್ಮ. ಲೋಕವೆಲ್ಲ ಬೇರೆಯವರ ಚಕ್ರದ ಮೇಲೆ ತಿರುಗಿದ ನನಗೆ ನಲವತ್ತು ದಾಟಿದ ಮೇಲೆ ಕಾರು ಕಲಿಸಿದವನು ಅವನೇ. ಪಕ್ಕದ ಸೀಟಿನಲ್ಲಿ ಕೂತು, “ಎರಡನೇ ಗೇರು, ಎರಡನೇ ಗೇರು” ಅಂತ ಜಪ ಮಾಡಿಕೊಂಡು. ದಿಂಡಿಗಲ್ ಆಚೆ ಒಂದು ಓಟದ ಟ್ರ್ಯಾಕ್ ಇದೆ, ಕೆಲವು ಭಾನುವಾರ ಯಾರು ಬೇಕಾದರೂ ಸ್ವಂತ ಕಾರು ತಂದು ಓಡಿಸಬಹುದು ಅಂತ ಎಲ್ಲಿಂದಲೋ ತಿಳಿದುಕೊಂಡು, ಅಲ್ಲಿ ತನ್ನನ್ನು ಕೂರಿಸಿಕೊಂಡು ಒಂದು ಸುತ್ತು ಹೊಡಿ, ಅದೇ ಗುರುದಕ್ಷಿಣೆ ಅಂದಿದ್ದ. ಆಗಲಿ ಅಂದಿದ್ದೆ. ಆಮೇಲೆ ಪ್ರತಿ ಸಲವೂ ಯಾವುದಾದರೊಂದು ವಿಮಾನ ನಿಲ್ದಾಣದಿಂದ ಫೋನು, “ಮುಂದಿನ ಸಲ ಮಾವ.” ಹೋದ ವರ್ಷ ಮಾವ ಮುಂದಿನ ಸಲಕ್ಕೆ ಕಾಯದೆ ಹೊರಟುಹೋದ.

ಈಗ ಮಾವನ ಹೆಂಡತಿ, ನಮ್ಮ ಅತ್ತೆ, ಕಾರನ್ನು ಬೋಡಿನಾಯಕನೂರಿನ ಏಲಕ್ಕಿ ವ್ಯಾಪಾರಿಯೊಬ್ಬರಿಗೆ ಮಾರುವುದಾಗಿ ಮಾತು ಕೊಟ್ಟಾಗಿತ್ತು. ಬುಧವಾರ ಬಂದು ಒಯ್ಯುತ್ತಾರೆ. ಟ್ರ್ಯಾಕ್ ತೆರೆಯುವುದು ಅದಕ್ಕೆ ಮುಂಚಿನ ಭಾನುವಾರ. ಆ ಸುತ್ತು ಈಗ ಆಗದಿದ್ದರೆ ಇನ್ನು ಯಾವತ್ತೂ ಇಲ್ಲ. ಸುತ್ತಿಗೆ ಮುಂಚೆ ತಪಾಸಣೆ ಅಂತ ಒಂದಿತ್ತು: ಹೆಲ್ಮೆಟ್ ಬೇಕು, ಬೆಂಕಿ ಆರಿಸುವ ಸಿಲಿಂಡರ್ ಬೇಕು, ಸೀಟ್ ಬೆಲ್ಟು ಸರಿಯಿರಬೇಕು, ಕಾರೊಳಗೆ ಸಡಿಲವಾದ ಸಾಮಾನು ಒಂದೂ ಇರಬಾರದು, ಮುಂದೆ ಎಚ್ಚರಿಕೆ ದೀಪ ಒಂದೂ ಉರಿಯಬಾರದು. ಒಂದು ತಪ್ಪಿದರೂ ಮನೆಗೆ ವಾಪಸ್.

ಮಾವ ಇದಕ್ಕೆಂದೇ ಕೊಂಡಿದ್ದ ಹೆಲ್ಮೆಟ್ಟನ್ನು ಮಾರ್ಕಯನ್‌ಕೋಟ್ಟೈಲಿರುವ ಅವನ ದಾಯಾದಿ ಅಣ್ಣ ಎರವಲು ಒಯ್ದಿದ್ದರು. ನಾನು ಹೊರಟದ್ದು ಅವರ ಮನೆಗೆ. ಕೊನೆಗೂ ಸಿಕ್ಕಿತು, ಅದೇ ದ್ರಾಕ್ಷಿ ತೋಟದ ಹಿಂದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ. ಮುದುಕರು ಜಗುಲಿಯಲ್ಲಿ ಕೂತು ಎಲೆ ಹಾಕುತ್ತಿದ್ದರು. ಹೆಲ್ಮೆಟ್ ಕೇಳಿದೆ.

“ಅದು ನಮ್ಮ ಬೆರ್ಚಪ್ಪನ ತಲೆ ಮ್ಯಾಲೆ ಐತಲ್ಲವ್ವಾ,” ಅಂದರು. “ಮೂರು ಕಿತ ಅವನ ತಾವ ವಂಡಿ ನಿಲ್ಸಿ ಮಾತಾಡ್ದೆ, ನೋಡ್ಲಿಲ್ವಾ?”

ನೋಡುತ್ತಿದ್ದವರು ಒಂದು ಕೂಗು ಹಾಕಬಾರದಿತ್ತೇ ಅಂದೆ. ನಿಮ್ಮಿಬ್ಬರ ಮಾತು ಏನೋ, ನಡುವೆ ಬಾಯಿ ಹಾಕಬಾರದು ಅಂತ ಸುಮ್ಮನಿದ್ದರಂತೆ. ಗಿಳಿ ಬೆದರಿಸಲು ನಿಲ್ಲಿಸಿದ ಹುಲ್ಲುಬೊಂಬೆ, ಗಾಳಿ ಎತ್ತ ತಳ್ಳಿದರೆ ಅವನು ಅತ್ತ ಕೈ ತೋರಿಸುತ್ತಾನಂತೆ.

ಬೆರ್ಚಪ್ಪನ ತಲೆಯನ್ನು ಅವರೇ ಕಿತ್ತು ತಂದು ಕೈಗಿಟ್ಟರು. ಒಳಗೆ ಗುಬ್ಬಿಗೂಡಿತ್ತು. “ತಕಂಡೋಗು. ಇದನ್ನ ಹಾಕ್ದಾಗಿಂದ ತೋಟಕ್ಕೆ ಗಿಳಿ ಬರ್ತಿಲ್ಲ, ಅದು ಸರಿ. ಕೂಲಿಯೋರೂ ಬರ್ತಿಲ್ಲ.”

೨. ಬಿಳಿ ಪ್ರಸಾದ

ಸಿಲಿಂಡರನ್ನು ತೇನಿಯಲ್ಲಿ ಕೊಂಡೆ. ಕೆಂಪಗೆ, ಕೂಸಿನಷ್ಟು ಉದ್ದ, ಎತ್ತಿಕೊಂಡರೂ ಕೂಸಿನಷ್ಟೇ ಭಾರ. ಮನೆಗೆ ತಂದ ಕೂಡಲೇ ಅತ್ತೆ ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು. ನಮ್ಮಲ್ಲಿ ಹೊಸ ಕಬ್ಬಿಣ ಪೂಜೆಯಿಲ್ಲದೆ ವಂಡಿಯೊಳಗೆ ಹೋಗುವ ಹಾಗಿಲ್ಲ. ವಿಭೂತಿ ಮೂರು ಪಟ್ಟೆ, ನಡುವೆ ಗಂಧ, ಮೇಲೆ ಕುಂಕುಮ. ದೇವರ ಕೋಣೆಯಲ್ಲಿ ಮುರುಗನ ಪಟದ ಪಕ್ಕದಲ್ಲಿ ಅದು ಯಾರೋ ಹೊಸ ಗ್ರಾಮದೇವತೆಯ ಹಾಗೆ ಗತ್ತಿನಿಂದ ಕೂತಿತು.

ಬೆಳಿಗ್ಗೆ ಅತ್ತೆ ತಲೆಗೆ ನೀರು ಹಾಕಿಕೊಂಡು, ಮಾವನ ಹಳೆಯ ಟವಲನ್ನು ತಲೆಗೆ ಸುತ್ತಿ, ಮಲ್ಲಿಗೆ ದಂಡೆ ಹಿಡಿದು ಒಳಗೆ ಹೋದರು. ಹೂವು ಸಿಕ್ಕಿಸಲು ಸಿಲಿಂಡರಿನ ತಲೆಯಲ್ಲಿ ಒಂದು ಉಂಗುರ ಹೇಳಿ ಮಾಡಿಸಿದ ಹಾಗಿತ್ತು. ಆ ಉಂಗುರಕ್ಕೆ ಒಂದು ಕಡ್ಡಿ ಅಂಟಿಕೊಂಡಿತ್ತು. ಅಡ್ಡ ಬರುತ್ತದೆ ಅಂತ ಅದನ್ನು ಎಳೆದು ಪಕ್ಕಕ್ಕಿಟ್ಟರು. ಆಮೇಲೆ ಹಿಡಿಕೆ ಒತ್ತಿ ಹಿಡಿದು, ದೇವರನ್ನು ಕೊಂಚ ಪೂರ್ವಕ್ಕೆ ತಿರುಗಿಸಿದರು.

ನಾನು ಹಿತ್ತಲಲ್ಲಿದ್ದೆ. ಬುಸ್ಸೆಂದು ಒಂದು ಉಸಿರು ಕೇಳಿಸಿತು, ಮನೆಯೇ ಉಸಿರು ಬಿಟ್ಟ ಹಾಗೆ. ಓಡಿ ಬಂದರೆ ಮನೆ ತುಂಬ ಬಿಳಿ ಮಂಜು. ಆ ಮಂಜಿನ ನಡುವಿನಿಂದ ಮಾವನ ಟವಲು ಸುತ್ತಿಕೊಂಡ ಒಂದು ಬಿಳಿ ಆಕಾರ ನಿಧಾನವಾಗಿ ನಡೆದು ಬಂದು ಮುಂಬಾಗಿಲಲ್ಲಿ ನಿಂತಿತು. ಕಣ್ಣು ಎರಡೇ ಕಪ್ಪು.

ಸರಿಯಾಗಿ ಆ ಹೊತ್ತಿಗೆ ಪಕ್ಕದ ಮನೆಯವರು ದಿನದ ಹಾಗೆ ಪೇಪರ್ ಓದಲು ಬಂದರು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ಇನ್ನೊಂದನ್ನು ಎತ್ತಲಿಲ್ಲ. ಅಲ್ಲೇ ಉದ್ದಕ್ಕೆ ಅಡ್ಡಬಿದ್ದು, “ಅಣ್ಣಾ, ಹಿಂದಿನ ಬಂಪರ್ ನೆಗ್ಗಿಸಿದ್ದು ನಾನೇ” ಅಂದರು.

ಅತ್ತೆ ಬಾಯಿ ತೆರೆಯಲಿಲ್ಲ. ಪುಡಿ ಒಳಗೆ ಹೋಗುತ್ತದೆ ಅಂತ ಸುಮ್ಮನಿದ್ದಾರೆ ಅಂತ ನಾನು ಅಂದುಕೊಂಡೆ.

ಪಕ್ಕದ ಮನೆಯವರು ಮುಂದುವರಿಸಿದರು. ಜಾಕಿ ಅವರ ಮನೆಯಲ್ಲೇ ಇದೆಯಂತೆ, ಅಟ್ಟದ ಮೇಲೆ. ನುಗ್ಗೆ ಮರದ ಕೊಂಬೆ ಗಾಳಿಗೆ ಮುರಿದದ್ದಲ್ಲವಂತೆ. ಅತ್ತೆ ಕದಲಲಿಲ್ಲ. ಕೊನೆಗೆ ಅವರು ಕೈ ಮುಗಿದು, “ಅಕ್ಕನ ಮೀನ್ ಕೊಳಂಬು ಸಾರಿನ ವಿಷಯ ನೀವು ನನ್ನ ತಾವ ಹೇಳಿದ್ರಲ್ಲ, ಅದನ್ನ ಇವತ್ತಿಗೂ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ ಅಣ್ಣಾ” ಅಂದರು.

ಆಗ ಆ ಬಿಳಿ ಆಕಾರ ಮೊದಲ ಸಲ ಮಾತಾಡಿತು.

“ಏನಂದ್ರು?”

೩. ಕಟಕಟ

ಎರಡನೇ ಸಿಲಿಂಡರ್ ತಂದೆ. ಅದು ಕಾರಿನಲ್ಲಿ ಕದಲದಂತೆ ಕೂರಬೇಕು, ಅದಕ್ಕೆ ಕಬ್ಬಿಣದ ಪಟ್ಟಿ ಬೇಕು. ಆಂಡಿಪಟ್ಟಿಯಲ್ಲಿ ಒಬ್ಬ ವೆಲ್ಡಿಂಗಿನವರು ಅಚ್ಚುಕಟ್ಟಾಗಿ ಮಾಡುತ್ತಾರೆ ಅಂದರು. ಅತ್ತೆಯೂ ಹೊರಟರು, ಹಿಂದಿನ ಸೀಟಿನಲ್ಲಿ. ಮುಂದಿನದು ಮಾವನ ಜಾಗ ಅಂತ ಅವರು ಈ ಒಂದು ವರ್ಷದಲ್ಲಿ ಒಮ್ಮೆಯೂ ಅಲ್ಲಿ ಕೂತವರಲ್ಲ.

ತೇನಿ ದಾಟಿದ ಮೇಲೆ ರಸ್ತೆ ಖಾಲಿ. ಎರಡೂ ಕಡೆ ಒಣ ನೆಲ, ಮುಳ್ಳುಗಿಡ, ದೂರದಲ್ಲಿ ಗಾಳಿಯಂತ್ರಗಳು ತಮ್ಮಷ್ಟಕ್ಕೆ ತಿರುಗುತ್ತಿದ್ದವು. ಒಂದು ಮೇಕೆ ಅಡ್ಡ ಬಂತು. ಬ್ರೇಕ್ ಹಾಕಿದೆ. ಪಕ್ಕದ ಸೀಟಿನ ಅಡಿಯಿಂದ ಕಟಕಟಕಟ ಅಂತ ಶಬ್ದ. ಚಳಿಗೆ ಯಾರಾದರೂ ಹಲ್ಲು ಕಡಿದರೆ ಬರುತ್ತದಲ್ಲ, ಹಾಗೆ. ಹೊರಗೆ ಬಿಸಿಲಿಗೆ ನೆಲ ಬಿರಿಯುತ್ತಿತ್ತು.

ಮತ್ತೆ ಬ್ರೇಕ್ ಹಾಕಿ ನೋಡಿದೆ. ಕಟಕಟಕಟ. ಹಿಂದಿನಿಂದ ಅತ್ತೆ ಇನ್ನು ಬ್ರೇಕ್ ಹಾಕಬೇಡ ಅಂದರು. ಅದು ಆಗುವ ಮಾತೇ ಅಂದೆ. ಹಾಗಾದರೆ ಕೇಳಬೇಡ ಅಂದರು.

ಸಡಿಲವಾದ ಸಾಮಾನು ಒಂದಿದ್ದರೂ ತಪಾಸಣೆಯಲ್ಲಿ ಫೇಲು. ಹಾಗಾಗಿ ವೆಲ್ಡಿಂಗಿನವರಿಗೆ ಸೀಟನ್ನೇ ಬಿಚ್ಚಿ ನೋಡಲು ಹೇಳಿದೆ. ಅವರು ಬೋಲ್ಟು ತೆಗೆದು, ಸೀಟು ಎತ್ತಿ, ಕಂಬಿಯ ಸಂದಿಯಲ್ಲಿ ಕೈ ತೂರಿಸಿದವರು ಕಚ್ಚಿಸಿಕೊಂಡವರ ಹಾಗೆ ಸರಕ್ಕನೆ ಹಿಂದೆಗೆದರು. ಟಾರ್ಚು ಬಿಟ್ಟು ನೋಡಿದೆ. ಧೂಳಿನ ನಡುವೆ ಒಂದು ನಗು ಬಿದ್ದಿತ್ತು. ಮೇಲ್ದವಡೆಯ ಹಲ್ಲು ಸೆಟ್ಟು, ಒಂದೂ ಮುಕ್ಕಾಗಿಲ್ಲ.

ಅತ್ತೆ ಹೆದರಲಿಲ್ಲ. ಅದನ್ನು ಸೆರಗಿನಲ್ಲಿ ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಕಳ್ಳನನ್ನು ಹಿಡಿದ ಪೊಲೀಸಿನ ಮುಖ. “ನಾನೇ ಬಚ್ಚಿಟ್ಟಿದೀನಿ, ಮುರುಕು ಚಕ್ಲಿ ತಿನ್ಬಾರ್ದು ಅಂತ ಮಾಡಿದೀನಿ ಅಂತ ಸಾಯೋಗಂಟ ಅಂದ್ರು,” ಅಂದರು.

ಮನೆಗೆ ಬಂದವರೇ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದರು. ಮಾವನ ಫೋಟೋದ ಮುಂದೆ ಒಂದು ಲೋಟ ನೀರಿನಲ್ಲಿ ಇಟ್ಟರು. ಫೋಟೋದಲ್ಲಿ ಮಾವ ಬಾಯಿ ಬಿಗಿದುಕೊಂಡು ಕೂತಿದ್ದ. ಅದು ಹಲ್ಲು ಕಳೆದ ಮೇಲೆ ತೆಗೆಸಿದ ಫೋಟೋ. ಅತ್ತೆ ಅದರ ಎದುರು ನಿಂತು ಸೊಂಟದ ಮೇಲೆ ಕೈ ಇಟ್ಟರು.

“ಈಗ ನಗಿ ನೋಡಾನ.”

೪. ನಲವತ್ತು ದಾಟಿದರೆ

ಸೀಟು ಬಿಚ್ಚಿ ಮತ್ತೆ ಕೂರಿಸಿದ ದಿನದಿಂದ ಹೊಸ ಕಾಟ ಶುರುವಾಯಿತು. ಕೀಲಿ ತಿರುಗಿಸಿದ ಕೂಡಲೇ ಪೀ ಪೀ ಅಂತ ಕೂಗು, ಮುಂದೆ ಒಂದು ಕೆಂಪು ದೀಪ. ಪಕ್ಕದ ಸೀಟಿನಲ್ಲಿ ಕೂತವರು ಬೆಲ್ಟ್ ಹಾಕಿಲ್ಲ ಅಂತ ಅದರ ಅರ್ಥ. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ.

ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಬೋಡಿನಾಯಕನೂರಿಗೆ ಓಡಿದೆ. ಅಲ್ಲಿನ ಮೆಕ್ಯಾನಿಕ್ ಮೂವತ್ತರ ಆಸುಪಾಸಿನವನು, ಕೆಲಸದಲ್ಲಿ ಹೆಸರು ಮಾಡಿದವನು. ಭೂತ ಗೀತ ಎಲ್ಲ ನಿಮ್ಮ ಕಾಲದ್ದು ಅಕ್ಕಾ, ಸೀಟಿನೊಳಗೆ ಭಾರ ಗುರುತಿಸುವ ಒಂದು ಪಟ್ಟಿ ಇರುತ್ತದೆ, ಅದು ಮಡಚಿಕೊಂಡಿದೆ ಅಷ್ಟೇ ಅಂದ. ವೈರು ಕಿತ್ತ. ಕೂಗು ನಿಂತಿತು, ಆದರೆ ಎರಡು ದೀಪ ಹತ್ತಿಕೊಂಡವು. ಮತ್ತೆ ಸಿಕ್ಕಿಸಿದ. ಒಂದು ದೀಪ, ಕೂಗು. ಹೊಸ ಪಟ್ಟಿ ಮದುರೆಯಿಂದ ಬರಬೇಕು, ಒಂದು ವಾರ ಅಂದ. ನನಗಿದ್ದದ್ದು ಎರಡು ದಿನ.

ಘಾಟಿಯ ಕಡೆ ಒಂದು ಸಲ ಓಡಿಸಿ ನೋಡುತ್ತೇನೆ, ಅಲುಗಾಟಕ್ಕೆ ಸರಿಹೋದರೂ ಹೋಯಿತು ಅಂತ ಒಬ್ಬನೇ ಹೊರಟ. ಹೋದದ್ದು ಬಾಣದ ಹಾಗೆ. ಕಾಲು ಗಂಟೆಯ ಕೆಲಸ. ಒಂದು ಗಂಟೆಯಾದರೂ ಇಲ್ಲ. ಕೊನೆಗೆ ಕಾರು ರಸ್ತೆಯ ತುದಿಯಲ್ಲಿ ಕಾಣಿಸಿತು. ಎತ್ತಿನ ಗಾಡಿಯೊಂದು ಅದನ್ನು ದಾಟಿ ಮುಂದೆ ಬಂತು. ಬಂದು ನಿಂತಾಗ ನೋಡಿದರೆ ಅವನ ಬೆಲ್ಟೂ ಹಾಕಿತ್ತು, ಖಾಲಿ ಸೀಟಿನ ಬೆಲ್ಟೂ ಹಾಕಿತ್ತು.

ಏನಾಯಿತಪ್ಪಾ ಅಂದೆ.

“ನಲವತ್ತು ದಾಟಿದ್ರೆ ಬೈತಾರೆ ಅಕ್ಕಾ,” ಅಂದ. ವೇಗ ಹೆಚ್ಚಿದ ಹಾಗೆ ಕೂಗೂ ಹೆಚ್ಚುತ್ತದಂತೆ. ಅದು ಎಲ್ಲ ಕಾರಿನಲ್ಲೂ ಇರುವುದೇ ತಾನೇ ಅಂದೆ. ತಲೆಯಾಡಿಸಿದ. ಬೆವರು ಒರೆಸಿಕೊಂಡು ಹತ್ತಿರ ಬಂದು ಮೆಲ್ಲಗೆ ಹೇಳಿದ, ತಿರುವಿನಲ್ಲಿ ಇದ್ದಕ್ಕಿದ್ದ ಹಾಗೆ ಎರಡನೇ ಗೇರು ಹಾಕು ಅಂತ ಅನ್ನಿಸಿತಂತೆ. ಯಾರೋ ಕಿವಿಯಲ್ಲಿ ಅಂದ ಹಾಗೆ.

ನಾನು ಅವನಿಗೆ ಮಾವನ ಸುದ್ದಿ ಒಂದಕ್ಷರ ಹೇಳಿರಲಿಲ್ಲ. ಕಾರಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಅತ್ತೆ ಮಾತ್ರ ದೊಡ್ಡದಾಗಿ ಉಸಿರು ಬಿಟ್ಟು, ಬೆಂಚಿನ ಮೇಲೆ ಹಾಯಾಗಿ ಕಾಲು ಚಾಚಿದರು.

“ಎರಡನೇ ಗೇರಾ? ಹಂಗಾದ್ರೆ ನಮ್ಮೋರೇ ಬಿಡು. ಬೇರೆ ಯಾರೋ ಏನೋ ಅಂತ ಹೆದರಿದ್ದೆ.”

೫. ಫಾರಂ

ಭಾನುವಾರ ಬೆಳಿಗ್ಗೆ ದಿಂಡಿಗಲ್ ದಾಟಿ ಟ್ರ್ಯಾಕಿಗೆ ಹೋದೆವು. ನಮಗಿಂತ ಮುಂಚೆ ಹತ್ತಾರು ಕಾರು ಸಾಲಿನಲ್ಲಿ ನಿಂತಿದ್ದವು. ಎಲ್ಲಾ ಬಣ್ಣಬಣ್ಣದವು, ಹುಡುಗರವು, ಗುರುಗುಟ್ಟುವವು. ನಮ್ಮದು ಬೂದು ಬಣ್ಣದ್ದು, ಹಿಂದೆ ಅತ್ತೆ, ಅತ್ತೆಯ ತೊಡೆಯ ಮೇಲೆ ಬುತ್ತಿ.

ತಪಾಸಣೆಯ ಇನ್ಸ್‌ಪೆಕ್ಟರ್ ಇಸ್ತ್ರಿ ಹಾಕಿದ ಬಿಳಿ ಅಂಗಿಯ ನಿವೃತ್ತರು. ನಗು ಗೊತ್ತಿಲ್ಲದ ಮುಖ. ನಮ್ಮ ಮುಂದಿನ ಕಾರನ್ನು ಬ್ಯಾಟರಿ ಅಲುಗಿತು ಅಂತ ವಾಪಸ್ ಕಳಿಸಿದ್ದರು. ಅದರಲ್ಲಿದ್ದವನು ಅತ್ತಿದ್ದನ್ನು ನಾನು ಕಣ್ಣಾರೆ ಕಂಡೆ.

ಚಕ್ರ ಅಲುಗಿಸಿ ನೋಡಿದರು, ಸರಿ. ಬ್ಯಾಟರಿ ಎಳೆದರು, ಸರಿ. ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಕಾಣದ ಹಾಗೆ ಕುಂಕುಮ ಮೆತ್ತಿತ್ತು. ಬೆರಳಿನಿಂದ ಒರೆಸಿದರು, ಮುಳ್ಳು ಹಸಿರಿನಲ್ಲಿತ್ತು. ಒರೆಸಿದ ಬೆರಳನ್ನು ಏನು ಮಾಡುವುದು ಅಂತ ಒಂದು ಕ್ಷಣ ನೋಡಿ, ಹಣೆಗೆ ಇಟ್ಟುಕೊಂಡರು. ಹೆಲ್ಮೆಟ್ ಬಡಿದು ನೋಡಿ, ಬಿಸಿಲು ತಿಂದಿದೆ, ನಡೆಯುವುದಿಲ್ಲ ಅಂದರು. ನಾನು ಅಲ್ಲೇ ಒಂದು ಬಾಡಿಗೆಗೆ ತಂದೆ. ಕೊನೆಗೆ ಕೀಲಿ ತಿರುಗಿಸಿ, ಪಕ್ಕದ ಸೀಟಿನ ಬೆಲ್ಟ್ ಬಿಚ್ಚಿ ಎಳೆದರು.

ಪೀ ಪೀ ಪೀ.

ಅವರು ಸೀಟು ನೋಡಿದರು, ನನ್ನನ್ನು ನೋಡಿದರು. ಅಂಗೈಯನ್ನು ಸೀಟಿನ ಮೇಲೆ ಇಟ್ಟು ತೆಗೆದರು. “ಬಿಸಿ ಇದೆ,” ಅಂದರು ತಮಿಳಿನಲ್ಲಿ. ಬಿಸಿಲಲ್ಲವೇ ಸಾರ್ ಅಂದೆ. ಅವರು ಈ ಕಡೆ ಬಂದು ನನ್ನ ಸೀಟು ಮುಟ್ಟಿದರು. ಅದು ತಣ್ಣಗಿತ್ತು.

ಆಮೇಲೆ ಅವರು ನಿಯಮದ ಪುಸ್ತಕ ತೆಗೆದರು. “ಎರಡೇ ದಾರಿ ಮಾ. ಸೀಟು ಕೆಟ್ಟಿದೆ ಅಂದರೆ ವಾಪಸ್ ಹೋಗಬೇಕು. ಆಳು ಕೂತಿದ್ದಾರೆ ಅಂದರೆ, ಹೆಲ್ಮೆಟ್, ಬೆಲ್ಟು, ಫಾರಂ.”

ಸೀಟು ಕೆಟ್ಟಿದೆ ಅಂತಲೇ ಹೇಳಬೇಕು, ಅದೇ ನಿಜ ಅಂತ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಅತ್ತೆ ಬುತ್ತಿ ಕೆಳಗಿಟ್ಟು ಇಳಿದರು.

“ಫಾರಂ ಕೊಡಿ,” ಅಂದರು.

ಇನ್ಸ್‌ಪೆಕ್ಟರ್ ಪ್ರಯಾಣಿಕರ ಹೆಸರು ಕೇಳಿದರು. ನಮ್ಮಲ್ಲಿ ಅತ್ತೆಯ ವಯಸ್ಸಿನ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ, ಸತ್ತ ಮೇಲೂ. ಅತ್ತೆ ಮುರುಗನ ಪಳನಿ ಇರುವ ದಿಕ್ಕಿಗೆ ಗಲ್ಲ ಎತ್ತಿ, ಆ ಬೆಟ್ಟದ ಮೇಲಿರುವವರ ಹೆಸರು ಅಂದರು. ಇನ್ಸ್‌ಪೆಕ್ಟರ್ ಒಂದು ಪ್ರಶ್ನೆಯನ್ನೂ ಕೇಳದೆ ಬರೆದುಕೊಂಡರು. ವಯಸ್ಸು?

“ಹೋದ ವರ್ಷಕ್ಕೆ ಅರವತ್ತೆಂಟು. ಆಮೇಲಿಂದು ನೀವು ಹೆಂಗೆ ಲೆಕ್ಕ ಹಾಕ್ತೀರೋ ನೋಡಿ.”

ಪೆನ್ನು ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ಅರವತ್ತೆಂಟು ಅಂತಲೇ ಬರೆಯಿತು. ಸಹಿಯ ಜಾಗ ಬಂದಾಗ ಮಾತ್ರ ಅವರು ಬಿಗಿಯಾದರು. ಇದನ್ನು ಪ್ರಯಾಣಿಕರೇ ಹಾಕಬೇಕು ಅಂದರು. ಅತ್ತೆ ಪೆನ್ನು ಕಿತ್ತುಕೊಂಡು, ಉದ್ದ ಬಾಲವಿರುವ ಒಂದು ಸಹಿ ಸರಸರನೆ ಎಳೆದರು. “ನಲವತ್ತು ವರ್ಷದಿಂದ ಅವ್ರ ಸೈನು ಇದೇನೆ. ಬ್ಯಾಂಕಿನೋರೇ ಒಪ್ಪವ್ರೆ.”

ಹೆಸರು ಹೇಳುವುದಿಲ್ಲ ಅಂತೀರಿ, ಪೂರ್ತಿ ಬರೆದುಬಿಟ್ಟಿರಲ್ಲ ಅತ್ತೇ ಅಂತ ನಾನು ಪಿಸುಗುಟ್ಟಿದೆ.

“ಬಾಯಲ್ಲಿ ಹೇಳ್ಬಾರ್ದು ಅಂತ ಐತೆ. ಕೈಯಲ್ಲಿ ಬರೀಬಾರ್ದು ಅಂತ ಯಾರು ಅಂದವ್ರೆ?”

ಉಳಿದದ್ದು ಹೆಲ್ಮೆಟ್. ಇನ್ಸ್‌ಪೆಕ್ಟರ್ ತಾವೇ ಬೇಡ ಅಂದಿದ್ದ ಮಾವನದನ್ನು ಮತ್ತೆ ಎತ್ತಿ ನೋಡಿ, ಇವರಿಗೆ ಇದು ಸಾಕು ಅಂತ ಸೀಟಿನ ಮೇಲಿಟ್ಟು, ಬೆಲ್ಟ್ ಬಿಗಿದರು. ಎಲ್ಲರಿಗೂ ಮಾಡುವ ಹಾಗೆ ಎರಡು ಬೆರಳು ತೂರಿಸಿ ಬಿಗಿ ಪರೀಕ್ಷಿಸಿದರು. ಕೂಗು ನಿಂತಿತು. ದೀಪ ಆರಿತು. ಗಾಜಿಗೆ ಚೀಟಿ ಅಂಟಿಸಿ, ಪ್ರಯಾಣಿಕರ ಜೊತೆ ಒಂದೇ ಸುತ್ತು ಅಂದರು.

ಆ ಸುತ್ತಿನ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ತಿರುವುಗಳಲ್ಲಿ ಎರಡನೇ ಗೇರು ಹಾಕಿದೆ. ನೇರ ದಾರಿಯಲ್ಲಿ ನಲವತ್ತು ದಾಟಿದೆ, ಎಂಬತ್ತು ದಾಟಿದೆ, ನೂರು ಮುಟ್ಟಿದೆ. ಪಕ್ಕದಿಂದ ಒಂದು ಸದ್ದೂ ಇಲ್ಲ. ಕಲಿಸುವಾಗ ಮಾವ ಒಮ್ಮೆಯೂ ಹೀಗೆ ಸುಮ್ಮನೆ ಕೂತವನಲ್ಲ. ಹಿಂದಿನಿಂದ ಬಂದ ಒಂದು ಕೆಂಪು ಕಾರು ನನ್ನನ್ನು ದಾಟಿತು.

ವಾಪಸ್ ಬಂದು ನಿಲ್ಲಿಸಿದಾಗ ಆ ಕೆಂಪು ಕಾರಿನವನು ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಬಂದ. ಒಳ್ಳೆಯ ಮನೆತನದವನು. “ಆಂಟೀ, ನಿಮ್ಮ ಪಕ್ಕದಲ್ಲಿದ್ದ ಸಾರಿಗೆ ಥ್ಯಾಂಕ್ಸ್ ಹೇಳಿ. ದಾಟ್ಕೊಂಡು ಹೋಗು ಅಂತ ಕೈ ಬೀಸಿದ್ರು,” ಅಂದ. ಹೋದ.

ನನ್ನ ಕೈ ಸ್ಟಿಯರಿಂಗಿನ ಮೇಲೆಯೇ ಇತ್ತು. ಅತ್ತೆ ಬಂದು ಪಕ್ಕದ ಬಾಗಿಲು ತೆರೆದು, ಬೆಲ್ಟ್ ಬಿಚ್ಚಿ, ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದರು.

“ಸಾಕು, ಇಳೀರಿ. ಒಂದೇ ಸುತ್ತು ಅಂತ ಬರೆದು ಕೊಟ್ಟಿವ್ನಿ.”

ಮಂಡಿ ನೋವಿನ ಮನುಷ್ಯನೊಬ್ಬ ಕಾರಿನಿಂದ ಇಳಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಾಗಿಲು ಹಿಡಿದುಕೊಂಡು ನಿಂತಿದ್ದು ಮುಚ್ಚಿದರು. ಬಾಗಿಲಿಗೆ ಅಡ್ಡ ನಿಂತಿದ್ದ ಇನ್ಸ್‌ಪೆಕ್ಟರ್ ಎರಡು ಹೆಜ್ಜೆ ಸರಿದು ದಾರಿ ಬಿಟ್ಟರು. ಎಂಜಿನ್ ಇನ್ನೂ ಓಡುತ್ತಿತ್ತು. ಬೆಲ್ಟ್ ಬಿಚ್ಚಿದ್ದರೂ ಸೀಟು ಕೂಗಲಿಲ್ಲ.

ಇನ್ಸ್‌ಪೆಕ್ಟರ್ ಗಡಿಯಾರ ನೋಡಿಕೊಂಡರು. ಫಾರಂ ತಿರುಗಿಸಿ, ‘ಪ್ರಯಾಣಿಕರು ಕ್ಷೇಮವಾಗಿ ಇಳಿದ ಸಮಯ’ ಅನ್ನುವ ಕಡೆ ಗಂಟೆ ನಿಮಿಷ ಬರೆದು, ಕೆಳಗೆ ಒಂದು ಸಹಿ ಬೇಕು ಅಂದರು. ಅತ್ತೆ ಉದ್ದ ಬಾಲದ ಸಹಿ ಎಳೆದರು. ಅದರ ಒಂದು ಪ್ರತಿಯನ್ನು ಇನ್ಸ್‌ಪೆಕ್ಟರ್ ನನ್ನ ಕೈಗೆ ಕೊಟ್ಟರು. ಗುರುದಕ್ಷಿಣೆ ಕೊಟ್ಟವರು ಲೋಕದಲ್ಲಿ ಬಹಳ ಮಂದಿ. ಮುಟ್ಟಿದ್ದಕ್ಕೆ ಗುರುವಿನ ಸಹಿಯಿರುವ ರಸೀದಿ ಇಟ್ಟುಕೊಂಡಿರುವವಳು ಬಹುಶಃ ನಾನೊಬ್ಬಳೇ.